ದೊಡ್ಡ ಕಟ್ಟಡದ ಕರೆಂಟು–ನೀರಿನ ಲೆಕ್ಕ: ಕಾಸರಗೋಡಿನ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ನೀಲೇಶ್ವರದವರೆಗೆ ಫ್ಲಾಟ್, ಲಾಡ್ಜ್, ಆಸ್ಪತ್ರೆ, ಆಡಿಟೋರಿಯಂ, ವ್ಯಾಪಾರ ಸಂಕೀರ್ಣ ನೋಡಿಕೊಳ್ಳುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದ್ದು ಮೊದಲು, ತಲೆ ಕೆರೆಯುವಂಥದ್ದು ಕೊನೆಗೆ.

## ಮೊದಲು ತಿಳಿಯಬೇಕಾದ್ದು

ಈ ಬೆಂಚ್‌ಮಾರ್ಕಿಂಗ್ ಅಂದರೆ ಏನು? ತಿಂಗಳಿಗೆ ಸರಿಯಾಗಿ ಬಿಲ್ಲು ಕಟ್ಟಿದರೆ ಸಾಲದೇ?

ಬಿಲ್ಲು ಹೇಳುವುದು ಎಷ್ಟು ಖರ್ಚಾಯಿತು ಎಂದು ಮಾತ್ರ. ಅದು ಹೆಚ್ಚೋ ಕಡಿಮೆಯೋ ಎಂದು ತಿಳಿಯಬೇಕಾದರೆ ಯಾವುದಾದರೊಂದು ಅಳತೆಯಿಂದ ಭಾಗಿಸಬೇಕು. ಕರೆಂಟಿಗೆ ಚದರ ಮೀಟರು, ನೀರಿಗೆ ತಲೆ, ಹಾಸಿಗೆ ಅಥವಾ ಸೀಟು. ಹಾಗೆ ಭಾಗಿಸಿ ಬಂದ ಸಂಖ್ಯೆಯನ್ನು ನಿಮ್ಮದೇ ಕಟ್ಟಡದ ಹೋದ ವರ್ಷದ ಸಂಖ್ಯೆಯೊಂದಿಗೂ ಅದೇ ಬಗೆಯ ಬೇರೆ ಕಟ್ಟಡಗಳ ಸಂಖ್ಯೆಯೊಂದಿಗೂ ಹೋಲಿಸುವುದೇ ಬೆಂಚ್‌ಮಾರ್ಕಿಂಗ್. ಭಾಗಾಕಾರ ಐದನೇ ಕ್ಲಾಸಿನದ್ದು. ಕಷ್ಟವಿರುವುದು ಮೇಲಿನ ಸಂಖ್ಯೆಯನ್ನೂ ಕೆಳಗಿನ ಸಂಖ್ಯೆಯನ್ನೂ ಸುಳ್ಳಿಲ್ಲದೆ ಹಿಡಿಯುವುದರಲ್ಲಿ.

ನ್ಯೂಯಾರ್ಕಿನಲ್ಲಿರುವ ಮಗ ಹೇಳ್ತಾನೆ, ಅಲ್ಲಿ ಲೆಕ್ಕ ಒಪ್ಪಿಸದಿದ್ದರೆ ದಂಡ ಅಂತ. ನಮಗೂ ಹಾಗೆ ಉಂಟಾ?

ಅವನು ಹೇಳುವುದು ಸರಿ. ನ್ಯೂಯಾರ್ಕ್ ನಗರದ 2009ರ ‘ಲೋಕಲ್ ಲಾ 84’ ಮೊದಲು 50,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗಿತ್ತು, ಆಮೇಲೆ 25,000 ಚದರ ಅಡಿಗೆ ಇಳಿಯಿತು. ಹಿಂದಿನ ವರ್ಷದ ವಿದ್ಯುತ್ತು, ಗ್ಯಾಸು, ನೀರಿನ ಲೆಕ್ಕವನ್ನು ಪ್ರತಿವರ್ಷ ಮೇ 1ರೊಳಗೆ ಕೊಡಬೇಕು.

ನಮ್ಮಲ್ಲಿ ಹಾಗೆ ಎಲ್ಲ ದೊಡ್ಡ ಕಟ್ಟಡಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಕಾನೂನಿಲ್ಲ. ಇರುವುದು ಮೂರು ಬೇರೆ ಬೇರೆ ಹಗ್ಗ. ಮೊದಲನೆಯದು 2001ರ ಇಂಧನ ಸಂರಕ್ಷಣಾ ಕಾಯ್ದೆ ಮತ್ತು ಅದರಡಿಯ ಕಟ್ಟಡ ಸಂಹಿತೆ. ಎರಡನೆಯದು ಹೈಟೆನ್ಶನ್ (ಹೆಚ್ಚಿನ ವೋಲ್ಟೇಜಿನ) ಸಂಪರ್ಕ ಇರುವವರು ಮೂರು ವರ್ಷಕ್ಕೊಮ್ಮೆ ಎನರ್ಜಿ ಆಡಿಟ್ ಮಾಡಿಸಬೇಕೆಂಬ ಕೇರಳ ಸರಕಾರದ ಆದೇಶ. ಮೂರನೆಯದು ಅಂತರ್ಜಲಕ್ಕೆ ಸಂಬಂಧಿಸಿದ ಕೇರಳದ 2002ರ ಕಾಯ್ದೆ. ಯಾವ ಹಗ್ಗ ಬಂದು ಎಳೆದರೂ ಮೊದಲು ಕೇಳುವುದು ಒಂದನ್ನೇ: 12 ತಿಂಗಳ ಲೆಕ್ಕ ಎಲ್ಲಿ?

ನಮ್ಮದು ‘ದೊಡ್ಡ ಕಟ್ಟಡ’ವೋ ಅಲ್ಲವೋ?

ಮಾಳಿಗೆ ಎಣಿಸಬೇಡಿ, ಕರೆಂಟು ಬಿಲ್ಲು ನೋಡಿ. ಮೇಲೆ ಹೇಳಿದ ಕಟ್ಟಡ ಸಂಹಿತೆಯ ಕಣ್ಣಿಗೆ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಕನೆಕ್ಟೆಡ್ ಲೋಡ್ (ಜೋಡಿಸಿದ ಎಲ್ಲ ಉಪಕರಣಗಳ ಒಟ್ಟು ಲೋಡು), ಇಲ್ಲವೇ 120 ಕೆವಿಎ ಅಥವಾ ಹೆಚ್ಚಿನ ಕಾಂಟ್ರಾಕ್ಟ್ ಡಿಮಾಂಡ್ (ವಿದ್ಯುತ್ ಮಂಡಳಿಯೊಂದಿಗೆ ಕರಾರಾದ ಗರಿಷ್ಠ ಬೇಡಿಕೆ) ಇದ್ದರೆ ಅದು ದೊಡ್ಡ ಕಟ್ಟಡ. ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಈ ಮಿತಿಯನ್ನು ಇಳಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ, ವಾಸದ ಕಟ್ಟಡಗಳನ್ನೂ ಒಳಗೆ ತಂದಿದೆ. ಹಾಗಾಗಿ 80–90 ಕಿಲೋವ್ಯಾಟಿನವರು ‘ನಮಗಿಲ್ಲ’ ಎಂದು ಮಗ್ಗುಲು ಬದಲಿಸಿ ಮಲಗುವುದು ಬೇಡ.

ಫ್ಲಾಟಿನವರಿಗೆ ಒಂದು ಮಾತು: ಪ್ರತಿ ಮನೆಗೂ ಬೇರೆ ಬೇರೆ ಕನೆಕ್ಷನ್ ಇರುತ್ತದೆ. ಅಸೋಸಿಯೇಶನ್ನಿನ ಹೆಸರಲ್ಲಿರುವುದು ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಕಾಮನ್ ಮೀಟರು ಮಾತ್ರ. ಆ ಒಂದೇ ಮೀಟರನ್ನು ಇಡೀ ಕಟ್ಟಡದ ಚದರ ಮೀಟರಿನಿಂದ ಭಾಗಿಸಿ ‘ನಮ್ಮದು ತುಂಬ ಕಡಿಮೆ’ ಎನ್ನುವವರು ಬಹಳ ಇದ್ದಾರೆ. ಅದು ಲೆಕ್ಕವಲ್ಲ.

ಎಲ್ಲಿಂದ ಶುರು ಮಾಡೋದು?

ಒಂದು ಉದ್ದ ಪುಸ್ತಕದಿಂದ. ಮೀಟರು ಕೋಣೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿ. ಪ್ರತಿ ತಿಂಗಳ 1ನೇ ತಾರೀಕು ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲ ಮೀಟರುಗಳ ರೀಡಿಂಗು ಬರೆಯಿರಿ: ಕೆಎಸ್ಇಬಿ (ಕೇರಳ ವಿದ್ಯುತ್ ಮಂಡಳಿ) ಮೀಟರು, ಸೋಲಾರು, ಜನರೇಟರಿನ ಗಂಟೆ ಮೀಟರು, ವಾಟರ್ ಅಥಾರಿಟಿಯದ್ದು, ಬೋರಿನದ್ದು. ಜತೆಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮೀಟರಿನ ಸೀರಿಯಲ್ ನಂಬರು ಕಾಣುವ ಹಾಗೆ. ಬರೆದದ್ದರಲ್ಲಿ 3 ಮತ್ತು 8 ಅದಲುಬದಲಾದಾಗ ಕಾಪಾಡುವುದು ಆ ಫೋಟೋ.

ಹಳೆಯ 12 ತಿಂಗಳದ್ದು ಬೇಕಾದರೆ ಬಿಲ್ಲುಗಳನ್ನು ಒಟ್ಟುಮಾಡಿ. ಕೆಎಸ್ಇಬಿಯ 13 ಅಂಕಿಯ ಕನ್ಸ್ಯೂಮರ್ ನಂಬರುಗಳ ಪಟ್ಟಿಯೊಂದು ಮೊದಲು ತಯಾರಾಗಲಿ. ಹಳೆಯ ಕಟ್ಟಡಗಳಲ್ಲಿ ಯಾರಿಗೂ ನೆನಪಿಲ್ಲದ ಒಂದು ಕನೆಕ್ಷನ್ ಹಿಂಬದಿಯ ಪಂಪ್‌ಶೆಡ್ಡಿನಲ್ಲಿ ಇದ್ದೇ ಇರುತ್ತದೆ.

ಕಟ್ಟಡ ತೆರಿಗೆಯ ರಸೀದಿಯಲ್ಲಿರುವ ಸ್ಕ್ವೇರ್ ಫೀಟನ್ನೇ ಹಾಕಬಹುದಾ?

ಬೇಡ. ತೆರಿಗೆಗೆ ಅಳೆದ ಮೇಲೆ ಟೆರೇಸಿಗೆ ಶೀಟು ಹಾಕಿ ಊಟದ ಹಾಲ್ ಮಾಡಿದ್ದರೆ ಅದು ರಸೀದಿಗೆ ಬಂದಿರುವುದಿಲ್ಲ. ಒಪ್ಪಿಗೆ ಸಿಕ್ಕಿದ ಪ್ಲಾನು ಹಿಡಿದುಕೊಂಡು ಟೇಪಿನಲ್ಲಿ ಮಹಡಿ ಮಹಡಿ ತಾಳೆ ನೋಡಿ. ಪಾರ್ಕಿಂಗು ಮತ್ತು ಬೇಸ್‌ಮೆಂಟನ್ನು ಕಳೆಯಿರಿ. ಉಳಿದ ಚದರ ಅಡಿಯನ್ನು 10.764ರಿಂದ ಭಾಗಿಸಿದರೆ ಚದರ ಮೀಟರು. ಇದನ್ನು ಒಮ್ಮೆ ನಿಕ್ಕಿ ಮಾಡಿದ ಮೇಲೆ ಪ್ರತಿವರ್ಷ ಬದಲಿಸಬಾರದು. ಬದಲಾದರೆ ಯಾವ ತಾರೀಕಿನಿಂದ, ಯಾಕೆ ಎಂದು ಬರೆದಿಡಬೇಕು.

## ಕರೆಂಟು

ಬಿಲ್ಲು ಬರೋದು ಎರಡು ತಿಂಗಳಿಗೊಮ್ಮೆ, ಅದೂ ತಿಂಗಳ ನಡುವೆ. ತಿಂಗಳ ಲೆಕ್ಕ ಮಾಡೋದು ಹೇಗೆ?

ದಿನದ ಲೆಕ್ಕಕ್ಕೆ ಇಳಿಸಿ ಹಂಚಬೇಕು. ಫೆಬ್ರವರಿ 14ರಿಂದ ಏಪ್ರಿಲ್ 15ರವರೆಗೆ 60 ದಿನಕ್ಕೆ 1,800 ಯೂನಿಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 30. ಫೆಬ್ರವರಿಯ 14 ದಿನಕ್ಕೆ 420, ಮಾರ್ಚಿಗೆ 930, ಏಪ್ರಿಲಿನ 15 ದಿನಕ್ಕೆ 450. ಇದು ಅಂದಾಜೇ, ಏಪ್ರಿಲಿನ ಸೆಕೆಗೆ ಎಸಿ ಹೆಚ್ಚು ಓಡಿರುತ್ತದೆ. ವರ್ಷದ ಮೊತ್ತಕ್ಕೆ ಸಾಕು, ತಿಂಗಳ ಹೋಲಿಕೆಗೆ ಸಾಲದು. ನಿಮ್ಮದೇ 1ನೇ ತಾರೀಕಿನ ರೀಡಿಂಗು ಬೇಕೆನ್ನುವುದು ಇದಕ್ಕೇ.

ಬಾಗಿಲು ಹಾಕಿದ್ದ ಕಾರಣಕ್ಕೆ ಸರಾಸರಿ ಹಾಕಿ ಕೊಟ್ಟ ಬಿಲ್ಲು ಇದ್ದರೆ ಅದರ ಯೂನಿಟ್ಟನ್ನು ನಿಜದ್ದೆಂದು ಸೇರಿಸಬೇಡಿ. ಮುಂದಿನ ನಿಜವಾದ ರೀಡಿಂಗಿನವರೆಗೆ ಒಟ್ಟಿಗೆ ಹಿಡಿದು ಹಂಚಿ.

ಮೀಟರಿನಲ್ಲಿ 215 ಓಡಿದೆ, ಬಿಲ್ಲಿನಲ್ಲಿ 8,600 ಯೂನಿಟ್. ಇದೆಂಥ ಲೆಕ್ಕ?

ಲೆಕ್ಕ ಸರಿಯಾಗಿಯೇ ಇದೆ. ದೊಡ್ಡ ಲೋಡಿನಲ್ಲಿ ಪೂರ್ತಿ ಕರೆಂಟು ಮೀಟರಿನ ಒಳಗೆ ಹರಿಯುವುದಿಲ್ಲ. ಸಿಟಿ ಎನ್ನುವ ಬಳೆಯಂಥ ಟ್ರಾನ್ಸ್‌ಫಾರ್ಮರುಗಳು ಅದನ್ನು ಚಿಕ್ಕದು ಮಾಡಿ ಮೀಟರಿಗೆ ಕೊಡುತ್ತವೆ. 200/5 ಎಂದು ಬರೆದಿದ್ದರೆ 40 ಪಟ್ಟು. 215ನ್ನು 40ರಿಂದ ಗುಣಿಸಿದರೆ 8,600. ಈ ಗುಣಕ ಬಿಲ್ಲಿನಲ್ಲಿ ಎಂಎಫ್ ಎಂದು ಇರುತ್ತದೆ.

ತಪ್ಪುವುದು ಹೆಚ್ಚಾಗಿ ನಾವೇ ಹಾಕಿಸಿದ ಸಬ್‌ಮೀಟರುಗಳಲ್ಲಿ. ಕೆಲವು ಡಿಜಿಟಲ್ ಮೀಟರಿಗೆ ಸಿಟಿ ಅನುಪಾತ ಒಳಗೇ ತುಂಬಿಸಿರುತ್ತಾರೆ. ಅದು ತಿಳಿಯದೆ ಮತ್ತೆ 40ರಿಂದ ಗುಣಿಸಿದರೆ ಲಿಫ್ಟೊಂದೇ ಇಡೀ ಕಟ್ಟಡಕ್ಕಿಂತ ಹೆಚ್ಚು ತಿಂದಂತೆ ಕಾಣುತ್ತದೆ! ಮೂರು ಫೇಸಿನ ಮೂರು ಸಿಟಿಗಳಲ್ಲಿ ಒಂದರ ವಯರು ಬಿಟ್ಟುಹೋದರೆ ಮೀಟರು ಸುಮಾರು ಮೂರನೇ ಎರಡರಷ್ಟನ್ನೇ ತೋರಿಸುತ್ತದೆ. ಒಂದನ್ನು ಉಲ್ಟಾ ಕೂರಿಸಿದ್ದರೆ ಎರಡು ಕೂಡಿಸಿ ಒಂದು ಕಳೆದು, ಮೂರನೇ ಒಂದನ್ನೇ ತೋರಿಸುತ್ತದೆ. ಎಲೆಕ್ಟ್ರಿಶಿಯನ್ ಹತ್ತಿರ ಕ್ಲ್ಯಾಂಪ್ ಮೀಟರು ಹಾಕಿಸಿ ಮೂರೂ ಫೇಸು ಮೀಟರಿನ ತೆರೆಯೊಂದಿಗೆ ತಾಳೆಯಾಗುತ್ತದೋ ನೋಡಿಸಿ. ಹತ್ತು ನಿಮಿಷದ ಕೆಲಸ. ಕೆಎಸ್ಇಬಿ ಸೀಲು ಮಾಡಿದ ಪೆಟ್ಟಿಗೆಗೆ ಮಾತ್ರ ಕೈಹಾಕಬಾರದು. ಅನುಮಾನ ಇದ್ದರೆ ಸೆಕ್ಷನ್ ಆಫೀಸಿಗೆ ಬರೆದು ಕೊಡಿ.

ಸೋಲಾರು ಹಾಕಿದ ಮೇಲೆ ಬಿಲ್ಲು ಅರ್ಧ ಆಯಿತು. ನಮ್ಮ ಬಳಕೆಯೂ ಅರ್ಧ ಅಂತ ಬರೀಬಹುದಾ?

ಬರೆಯಬಾರದು. ಬಳಕೆ ಅಂದರೆ ಸೋಲಾರು ಹುಟ್ಟಿಸಿದ್ದು, ಅದಕ್ಕೆ ಕೂಡಿಸು ಲೈನಿನಿಂದ ಬಂದದ್ದು, ಅದರಿಂದ ಕಳೆ ಲೈನಿಗೆ ಹೋದದ್ದು. ಒಂದು ತಿಂಗಳು ಸೋಲಾರು 4,200, ಇಂಪೋರ್ಟ್ 6,100, ಎಕ್ಸ್‌ಪೋರ್ಟ್ 1,300 ಆದರೆ ಕಟ್ಟಡ ತಿಂದದ್ದು 9,000 ಯೂನಿಟ್. ಕೇಂದ್ರ ಸರಕಾರದ ಬಿಇಇ (ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ) ಕಟ್ಟಡಗಳಿಗೆ ಕೊಡುವ ಸ್ಟಾರ್ ಲೆಕ್ಕದಲ್ಲಿ ಕಟ್ಟಡದ ಮೇಲಿನ ಸೋಲಾರನ್ನು ಸೇರಿಸುವುದಿಲ್ಲ, ಅದು ನಿಮಗೆ ಲಾಭವೇ. ಆದರೆ ಮನೆಯೊಳಗಿನ ಪುಸ್ತಕದಲ್ಲಿ ಸೋಲಾರು ಸೇರಿಸಿದ್ದು, ಸೇರಿಸದ್ದು ಎರಡೂ ಸಂಖ್ಯೆ ಇರಲಿ. ಇಲ್ಲದಿದ್ದರೆ ಹಳೆಯ ಚಿಲ್ಲರ್ (ಎಸಿಗಾಗಿ ನೀರು ತಣಿಸುವ ಯಂತ್ರ) ಕರೆಂಟು ನುಂಗುತ್ತಿರುವುದು ಸೋಲಾರಿನ ನೆರಳಲ್ಲಿ ಕಾಣಿಸುವುದೇ ಇಲ್ಲ.

ಜನರೇಟರು, ಅಡುಗೆ ಗ್ಯಾಸು ಇವನ್ನೂ ಸೇರಿಸಬೇಕಾ?

ಜನರೇಟರಿನ ಕರೆಂಟನ್ನು ಖಂಡಿತ ಸೇರಿಸಬೇಕು. ಅದಕ್ಕೆ ಯೂನಿಟ್ ಮೀಟರು ಇಲ್ಲದಿದ್ದರೆ ಲೀಟರು ಡೀಸೆಲಿಗೆ 3ರಿಂದ 3.5 ಯೂನಿಟ್ ಎಂದು ಹಿಡಿಯಬಹುದು. ಅರ್ಧಕ್ಕಿಂತ ಕಡಿಮೆ ಲೋಡಿನಲ್ಲಿ ಓಡಿಸಿದರೆ ಅಷ್ಟೂ ಸಿಗುವುದಿಲ್ಲ. ಖರೀದಿಸಿದ ಡೀಸೆಲೇ ಬಳಸಿದ ಡೀಸೆಲಲ್ಲ, ಬ್ಯಾರೆಲಿನಲ್ಲಿ ಉಳಿದದ್ದನ್ನು ಕಡ್ಡಿ ಹಾಕಿ ಅಳೆದು ಕಳೆಯಿರಿ. ಗ್ಯಾಸನ್ನು ಬೇರೆ ಸಾಲಿನಲ್ಲಿ ಇಡಿ. 19 ಕಿಲೋದ ಸಿಲಿಂಡರು ಒಂದರಲ್ಲಿ ಸುಮಾರು 240 ಯೂನಿಟ್‌ನಷ್ಟು ಶಾಖ ಇರುತ್ತದೆ. ಅದು ಶಾಖ, ಕರೆಂಟಲ್ಲ. ಎರಡನ್ನೂ ಕೂಡಿಸಿ ಕಲಸುಮೇಲೋಗರ ಮಾಡಬೇಡಿ.

ನಮ್ಮ ಆಫೀಸು ಕಟ್ಟಡದ ಸಂಖ್ಯೆ ಒಳ್ಳೆಯದೋ ಕೆಟ್ಟದೋ?

ಒಂದು ಉದಾಹರಣೆ. ಒಟ್ಟು 32,000 ಚದರ ಅಡಿ, ಪಾರ್ಕಿಂಗು 6,000 ಕಳೆದರೆ 26,000, ಅಂದರೆ 2,415 ಚದರ ಮೀಟರು. ವರ್ಷಕ್ಕೆ ಲೈನಿನಿಂದ 1,62,000 ಯೂನಿಟ್, ಜನರೇಟರಿನಿಂದ 2,400. ಒಟ್ಟು 1,64,400. ಭಾಗಿಸಿದರೆ ಚದರ ಮೀಟರಿಗೆ ವರ್ಷಕ್ಕೆ 68 ಯೂನಿಟ್. ಇದಕ್ಕೆ ಇಪಿಐ (ಎನರ್ಜಿ ಪರ್ಫಾರ್ಮೆನ್ಸ್ ಇಂಡೆಕ್ಸ್) ಎನ್ನುತ್ತಾರೆ.

ಕಾಸರಗೋಡು ಬಿಸಿ-ತೇವದ ಹವಾಮಾನ ವಲಯದ ಊರು. ಆಫೀಸು ಕಟ್ಟಡಗಳಿಗೆ ಬಿಇಇ 2009ರಲ್ಲಿ ತಂದ ಮೊದಲ ಸ್ಟಾರ್ ಪಟ್ಟಿಯಲ್ಲಿ ಈ ವಲಯಕ್ಕೆ, ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ಎಸಿ ಇರುವ ಕಟ್ಟಡವಾದರೆ 85ರಿಂದ 75ರವರೆಗೆ ಒಂದು ಸ್ಟಾರ್, ಪ್ರತಿ 10 ಇಳಿದಂತೆ ಒಂದೊಂದು ಹೆಚ್ಚು, 45ಕ್ಕಿಂತ ಕೆಳಗೆ ಐದು. ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಎಸಿ ಇದ್ದರೆ 200ರಿಂದ 175ರವರೆಗೆ ಒಂದು, 100ಕ್ಕಿಂತ ಕೆಳಗೆ ಐದು. ಮೇಲಿನ 68 ಕಡಿಮೆ ಎಸಿಯ ಲೆಕ್ಕದಲ್ಲಿ ಎರಡು ಸ್ಟಾರ್, ಹೆಚ್ಚು ಎಸಿಯದ್ದರಲ್ಲಿ ಐದು! ಅದಕ್ಕೇ ಎಸಿ ಇರುವ ಕೋಣೆಗಳ ವಿಸ್ತೀರ್ಣ ಬೇರೆಯೇ ಅಳೆದಿಡಬೇಕು. ಎರಡು ಸ್ಪ್ಲಿಟ್ ಎಸಿ ಹೆಚ್ಚು ಹಾಕಿ 51 ಪರ್ಸೆಂಟು ಮಾಡಿ ಐದು ಸ್ಟಾರ್ ಹೊಡೆಯುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಸ್ಟಾರ್ ಬಂದರೂ ಬಿಲ್ಲು ಏರುತ್ತದೆ, ಅಷ್ಟೇ.

ಹೋಲಿಸುವಾಗ ಜುಲೈಯನ್ನು ಜುಲೈಯೊಂದಿಗೇ ಹೋಲಿಸಿ. ಆಟಿಯ ಮಳೆಗೆ ಎಸಿ ತಾನಾಗಿ ನಿಂತದ್ದನ್ನು ಉಳಿತಾಯ ಎಂದು ವರದಿಯಲ್ಲಿ ಬರೆದರೆ ಮುಂದಿನ ಏಪ್ರಿಲಿನಲ್ಲಿ ಉತ್ತರ ಕೊಡಬೇಕಾದೀತು.

ಬಾಡಿಗೆ ಅಂಗಡಿಯವರು ಬಿಲ್ಲು ತೋರಿಸೋದಿಲ್ಲ. ಏನು ಮಾಡೋದು?

ಬಾಡಿಗೆ ಕರಾರು ಹೊಸದು ಮಾಡುವಾಗ ಒಂದು ಸಾಲು ಸೇರಿಸಿ: ವರ್ಷಕ್ಕೊಮ್ಮೆ ಯೂನಿಟ್ ಲೆಕ್ಕ ಕೊಡಬೇಕು, ಮೊತ್ತ ಬೇಡ ಎಂದು. ಹೆಚ್ಚಿನವರಿಗೆ ಮುಜುಗರ ರೂಪಾಯಿ ತೋರಿಸಲು, ಯೂನಿಟ್ ತೋರಿಸಲಲ್ಲ. ಸಿಗದ ಅಂಗಡಿಗಳನ್ನು ಅಂದಾಜು ಹಾಕಿ ತುಂಬುವುದಕ್ಕಿಂತ ಅವುಗಳ ಯೂನಿಟ್ಟನ್ನೂ ಜಾಗವನ್ನೂ ಎರಡನ್ನೂ ಲೆಕ್ಕದಿಂದ ಬಿಡಿ, ಬಿಟ್ಟದ್ದನ್ನು ಬರೆದಿಡಿ.

## ನೀರು

ಬೋರಿಗೆ ಮೀಟರೇ ಇಲ್ಲ. ಎಷ್ಟು ನೀರು ಎತ್ತುತ್ತೇವೆ ಅಂತ ಹೇಗೆ ಹೇಳೋದು?

ಮೀಟರು ಹಾಕಿಸುವವರೆಗೆ 500 ಲೀಟರಿನ ಟ್ಯಾಂಕು ಸಾಕು. ಖಾಲಿ ಟ್ಯಾಂಕು ಡೆಲಿವರಿ ಪೈಪಿನ ಕೆಳಗಿಟ್ಟು ಪಂಪು ಹಾಕಿ, ತುಂಬಲು ಎಷ್ಟು ಹೊತ್ತು ಎಂದು ನೋಡಿ. 6 ನಿಮಿಷವಾದರೆ ಗಂಟೆಗೆ 5,000 ಲೀಟರು. ಪಂಪಿನ ಪ್ಯಾನೆಲಿಗೆ ಗಂಟೆ ಮೀಟರು ಹಾಕಿದರೆ ದಿನದ ಲೆಕ್ಕ ಸಿಕ್ಕಿತು. ಈ ಪರೀಕ್ಷೆಯನ್ನು ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್ ಕೊನೆಗೆ ಒಮ್ಮೆ ಮಾಡಬೇಕು. ನೀರಿನ ಮಟ್ಟ ಇಳಿದಾಗ ಅದೇ ಪಂಪು ಅಷ್ಟು ಎತ್ತುವುದಿಲ್ಲ.

ಮೀಟರು ಹಾಕಿದರೂ ಆರು ತಿಂಗಳಲ್ಲಿ ನಿಂತುಹೋಗುತ್ತದೆ. ಯಾಕೆ?

ನಮ್ಮ ಮುರಕಲ್ಲಿನ ನೆಲದಲ್ಲಿ ಬೋರಿನ ನೀರಿಗೆ ಕಬ್ಬಿಣದ ಅಂಶ ಹೆಚ್ಚು. ಗಾಳಿ ತಾಗಿದೊಡನೆ ಕೆಂಪು ಲೋಳೆಯಾಗಿ ಚಕ್ರವಿರುವ ಮೀಟರಿನೊಳಗೆ ಅಂಟುತ್ತದೆ. ಚಕ್ರದ ಮೀಟರೇ ಆದರೆ ನೀರು ಒಳಬರುವ ಕಡೆ ವೈ-ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಹಾಕಿ ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ. ದೊಡ್ಡ ಪೈಪಾದರೆ ಚಲಿಸುವ ಭಾಗವೇ ಇಲ್ಲದ ಎಲೆಕ್ಟ್ರೋಮ್ಯಾಗ್ನೆಟಿಕ್ ಅಥವಾ ಅಲ್ಟ್ರಾಸಾನಿಕ್ ಮೀಟರು ವಾಸಿ. ಆದರೆ ಏಪ್ರಿಲ್–ಮೇ ಸಿಡಿಲಿಗೆ ಹೋಗುವುದು ಇವೇ. ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ತಿಂಗ್ ಇಲ್ಲದೆ ಹಾಕಿಸಬೇಡಿ.

ಕೂರಿಸುವಾಗ ಮೀಟರಿಗೆ ನೀರು ಒಳಬರುವ ಕಡೆ ಪೈಪಿನ ವ್ಯಾಸದ ಹತ್ತು ಪಟ್ಟು, ಹೊರಹೋಗುವ ಕಡೆ ಐದು ಪಟ್ಟು ನೇರ ಪೈಪು ಇರಲಿ. ಎಲ್ಬೋ ಪಕ್ಕದಲ್ಲೇ ಕೂರಿಸಿದರೆ ರೀಡಿಂಗು ನಂಬುವಂತಿಲ್ಲ. ವಾಟರ್ ಅಥಾರಿಟಿಯ ಲೈನಿನಲ್ಲಿ ನೀರು ಬಿಟ್ಟು ಬಿಟ್ಟು ಬರುವುದರಿಂದ ಮೊದಲು ಗಾಳಿ ನುಗ್ಗಿ ಮೀಟರು ತಿರುಗುತ್ತದೆ. ಏರ್ ವಾಲ್ವ್ ಇದ್ದರೆ ಗಾಳಿಗೆ ಹಣ ಕಟ್ಟುವುದು ತಪ್ಪುತ್ತದೆ. ಓದುವಾಗ ಕಪ್ಪು ಅಂಕಿಗಳು ಕಿಲೋಲೀಟರು (ಸಾವಿರ ಲೀಟರು), ಕೆಂಪು ಅದರ ಭಾಗ. ಕೆಂಪನ್ನೂ ಸೇರಿಸಿ ಬರೆದು ಸಾವಿರ ಪಟ್ಟು ನೀರು ಕುಡಿದ ಕಟ್ಟಡಗಳಿವೆ.

ನೀರು ಎಷ್ಟಾದರೆ ಸರಿ?

ಭಾರತೀಯ ಮಾನಕ ಐಎಸ್ 1172 ದಿನಕ್ಕೆ ಇಷ್ಟು ಎನ್ನುತ್ತದೆ: ಆಫೀಸಿನಲ್ಲಿ ತಲೆಗೆ 45 ಲೀಟರು, ಹೋಟೆಲು-ಲಾಡ್ಜಿನಲ್ಲಿ ಹಾಸಿಗೆಗೆ 180, ಊಟದ ಹೋಟೆಲಿನಲ್ಲಿ ಸೀಟಿಗೆ 70, 100 ಹಾಸಿಗೆವರೆಗಿನ ಆಸ್ಪತ್ರೆಯಲ್ಲಿ ಹಾಸಿಗೆಗೆ 340, ಅದಕ್ಕಿಂತ ದೊಡ್ಡದರಲ್ಲಿ 450. ಇವು ಕಟ್ಟುವಾಗ ಟ್ಯಾಂಕಿನ ಗಾತ್ರ ನಿರ್ಧರಿಸಲು ಇರುವ ಸಂಖ್ಯೆಗಳು. ಇವುಗಳ ಹತ್ತಿರ ಬಂದಿದ್ದೇವೆ ಎನ್ನುವುದು ಹೆಮ್ಮೆಯ ಮಾತಲ್ಲ.

80 ಹಾಸಿಗೆಯ ಲಾಡ್ಜು ತುಂಬಿದ್ದರೆ 14.4 ಕಿಲೋಲೀಟರು. ಆದರೆ ಸರಾಸರಿ 60 ಪರ್ಸೆಂಟೇ ತುಂಬಿದ್ದರೆ 8.64 ಮಾತ್ರ. ದಿನಕ್ಕೆ 13 ಹೋಗುತ್ತಿದ್ದರೆ ‘ಮಿತಿಯೊಳಗಿದ್ದೇವೆ’ ಎನಿಸುತ್ತದೆ, ನಿಜಕ್ಕೂ 4 ಕಿಲೋಲೀಟರಿಗಿಂತ ಹೆಚ್ಚು ಎಲ್ಲೋ ಸೋರುತ್ತಿದೆ. ಭಾಗಿಸಬೇಕಾದ್ದು ರಿಜಿಸ್ಟರಿನಲ್ಲಿರುವ ತುಂಬಿದ ಹಾಸಿಗೆಗಳಿಂದ.

ಆಡಿಟೋರಿಯಮ್ಮಿಗೆ ವರ್ಷದ ಸರಾಸರಿ ಪ್ರಯೋಜನವಿಲ್ಲ. ಮದುವೆ ಒಂದಕ್ಕೆ, ಎಲೆ ಒಂದಕ್ಕೆ ಎಷ್ಟು ಲೀಟರು ಎಂದು ಇಡಿ. ಅಡುಗೆಯವರು ಬರುವ ಮೊದಲು ಒಂದು ರೀಡಿಂಗು, ಪಾತ್ರೆ ತೊಳೆದು ಹೋದ ಮೇಲೆ ಒಂದು. ಕಾರ್ಯಕ್ರಮವಿಲ್ಲದ ದಿನವೂ ಮೀಟರು ತಿರುಗಿದರೆ ಆ ನೀರು ಸೋರಿಕೆಯದ್ದೇ.

ಸೋರಿಕೆ ಎಲ್ಲಿ ಅಂತ ಪತ್ತೆ ಮಾಡೋದು ಹೇಗೆ?

ರಾತ್ರಿ 11ಕ್ಕೆ ಪಂಪು ನಿಲ್ಲಿಸಿ ಮೇಲಿನ ಟ್ಯಾಂಕಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ 5ಕ್ಕೆ ಮತ್ತೆ ನೋಡಿ. ನಿಮಿಷಕ್ಕೆ 2 ಲೀಟರು ಸೋರಿದರೂ ದಿನಕ್ಕೆ 2,880, ತಿಂಗಳಿಗೆ 86 ಕಿಲೋಲೀಟರು. ಮೊದಲು ನೋಡಬೇಕಾದ್ದು ಟ್ಯಾಂಕಿನ ಓವರ್‌ಫ್ಲೋ ಪೈಪು. ಫ್ಲೋಟ್ ವಾಲ್ವ್ ಕೆಟ್ಟು ಉಕ್ಕಿದ ನೀರು ನೇರ ಮಳೆನೀರಿನ ಪೈಪಿಗೆ ಸೇರುವ ಹಾಗೆ ಜೋಡಿಸಿದ್ದರೆ ಯಾರಿಗೂ ಕಾಣುವುದಿಲ್ಲ. ಆಮೇಲೆ ಫ್ಲಶ್ ಟ್ಯಾಂಕು: ಚೂರು ಬಣ್ಣ ಹಾಕಿ ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗೆ ಬಣ್ಣ ಇಳಿದರೆ ರಬ್ಬರ್ ವಾಶರು ಹೋಗಿದೆ. ಕೊನೆಗೆ ನೆಲದೊಳಗಿನ ಪೈಪು.

ಮಳೆ ನೀರನ್ನು ಲೆಕ್ಕಕ್ಕೆ ಹೇಗೆ ತರೋದು?

ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಊರಿದು. 1,000 ಚದರ ಮೀಟರಿನ ಮಾಡಿನ ಮೇಲೆ 3,500 ಕಿಲೋಲೀಟರು, ನಷ್ಟ ಕಳೆದು 2,800 ಹಿಡಿಯಬಹುದು. ಆದರೆ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಬಂದು ಹೋಗುತ್ತದೆ. ಟ್ಯಾಂಕಿನಿಂದ ಹೊರಗೆ ಬಳಕೆಗೆ ಹೋದದ್ದನ್ನು ಮಾತ್ರ ಮೀಟರಿನಲ್ಲಿ ಅಳೆದು ಬರೆಯಿರಿ. ಬಾವಿಗೆ ಇಳಿಸಿದ್ದನ್ನು ‘ಉಳಿಸಿದೆವು’ ಎಂದು ಬಳಕೆಯಿಂದ ಕಳೆಯಬೇಡಿ. ಇಳಿಜಾರಿನ ಮುರಕಲ್ಲಿನಲ್ಲಿ ಆ ನೀರು ನಿಮ್ಮ ಬಾವಿಯಲ್ಲೇ ಬೇಸಿಗೆವರೆಗೆ ನಿಲ್ಲುತ್ತದೆಂಬ ಖಾತರಿಯಿಲ್ಲ. ಇಳಿಸುವುದು ಒಳ್ಳೆಯದೇ, ಕೆಳಗಿನ ಮನೆಯವರ ಬಾವಿಗಾದರೂ ಬಂದೀತು.

ಇನ್ನೊಂದು ಬೋರು ತೆಗೆಸಬೇಕು. ಯಾರನ್ನು ಕೇಳಬೇಕು?

ರಿಗ್ಗಿನವರಿಗೆ ಅಡ್ವಾನ್ಸ್ ಕೊಡುವ ಮೊದಲು ಜಿಲ್ಲಾ ಅಂತರ್ಜಲ ಇಲಾಖೆಯ ಕಚೇರಿಗೆ ಹೋಗಿ. 2002ರ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿ, ಬೋರಿಗೆ ಅನುಮತಿ ಬೇಕು. ಅಂತರ್ಜಲದ ಸರಕಾರಿ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ‘ಕ್ರಿಟಿಕಲ್’ (ನೀರು ಎತ್ತುವುದು ಮಿತಿಯ ಹತ್ತಿರ ಬಂದಿರುವ) ವರ್ಗಕ್ಕೆ ಬಂದದ್ದೂ ಇದೆ. ಅರ್ಜಿಯ ಜತೆ ಈಗಿರುವ ಬೋರಿನ ಬಳಕೆಯ ಪುಸ್ತಕ ತೋರಿಸಿದರೆ ಮಾತುಕತೆ ಬೇರೆಯೇ ಆಗುತ್ತದೆ. ಚಂದ್ರಗಿರಿ ಹೊಳೆಬದಿಯವರು ಏಪ್ರಿಲಿನಲ್ಲಿ ನೀರಿನ ಉಪ್ಪು ಪರೀಕ್ಷೆ ಮಾಡಿಸಿ. ಮಿತಿಮೀರಿ ಎತ್ತಿದರೆ ಸಮುದ್ರದ ನೀರು ಒಳಗೆ ಬರುತ್ತದೆ, ಒಮ್ಮೆ ಬಂದದ್ದು ಬೇಗ ಹೋಗುವುದಿಲ್ಲ.

## ತುಸು ಆಳಕ್ಕೆ

ನೀರು ಎತ್ತಲು ಎಷ್ಟು ಕರೆಂಟು ಸರಿ?

ಕರೆಂಟಿನ ಪುಸ್ತಕ, ನೀರಿನ ಪುಸ್ತಕ ಎರಡೂ ಇದ್ದವರಿಗೆ ಮಾತ್ರ ಸಿಗುವ ಸಂಖ್ಯೆ ಇದು, ಬಹಳ ಉಪಯೋಗದ್ದು. ಒಂದು ಕಿಲೋಲೀಟರನ್ನು ಒಂದು ಮೀಟರು ಎತ್ತಲು 0.0027 ಯೂನಿಟ್ ಬೇಕು. ಬೋರಿನಲ್ಲಿ ನೀರು 35 ಮೀಟರ್ ಕೆಳಗೆ, ಟ್ಯಾಂಕು 25 ಮೀಟರ್ ಮೇಲೆ ಎಂದರೆ 60 ಮೀಟರಿಗೆ 0.16 ಯೂನಿಟ್. ಪಂಪ್‌ಸೆಟ್ಟಿನ ದಕ್ಷತೆ 40 ಪರ್ಸೆಂಟು ಹಿಡಿದರೆ ಕಿಲೋಲೀಟರಿಗೆ ಸುಮಾರು 0.4 ಯೂನಿಟ್. ಪೈಪಿನ ಘರ್ಷಣೆ ಸೇರಿಸಿ 0.5 ಇರಲಿ.

ನಿಮ್ಮದು 0.9 ಬಂದರೆ ನಾಲ್ಕು ಕಡೆ ನೋಡಿ: ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿದೆಯೇ, ಬೋರಿನೊಳಗಿನ ಪೈಪಿನ ಜಾಯಿಂಟಿನಲ್ಲಿ ನೀರು ವಾಪಸು ಸುರಿಯುತ್ತಿದೆಯೇ, ನಾನ್-ರಿಟರ್ನ್ ವಾಲ್ವ್ ಹಿಡಿಯುತ್ತಿದೆಯೇ, ಸಣ್ಣ ಪೈಪಿಗೆ ದೊಡ್ಡ ಪಂಪು ಜೋಡಿಸಿದ್ದಾರೆಯೇ. ಕೊನೆಯದೇ ಹೆಚ್ಚು. ಪಂಪು ಸುಟ್ಟಾಗಲೆಲ್ಲ ‘ಒಂದು ಎಚ್‌ಪಿ ಹೆಚ್ಚಿನದ್ದು ಹಾಕಿ’ ಎನ್ನುವ ಅಭ್ಯಾಸದ ಫಲ.

ಹೈಟೆನ್ಶನ್ ಬಿಲ್ಲಿನಲ್ಲಿ ಯೂನಿಟ್ ಕಡಿಮೆಯಾದರೂ ಹಣ ಕಡಿಮೆಯಾಗಲಿಲ್ಲ. ಯಾಕೆ?

ಅಲ್ಲಿ ಯೂನಿಟ್ಟಿನ ಜತೆ ಕೆವಿಎ ಡಿಮಾಂಡಿಗೂ, ಅಂದರೆ ಒಮ್ಮೆಗೆ ಎಳೆದ ಗರಿಷ್ಠ ಲೋಡಿಗೂ, ಹಣ. 90 ಕಿಲೋವ್ಯಾಟ್ ಲೋಡು ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.85 ಇದ್ದರೆ 106 ಕೆವಿಎ, 0.98 ಇದ್ದರೆ 92. ಪವರ್ ಫ್ಯಾಕ್ಟರ್ ಏರಿಸುವ ಕೆಪಾಸಿಟರ್ ಪ್ಯಾನೆಲಿನಲ್ಲಿ ಊದಿದ ಕೆಪಾಸಿಟರುಗಳಿವೆಯೇ ನೋಡಿಸಿ, ಉಪ್ಪುಗಾಳಿಗೆ ಕಾಂಟಾಕ್ಟರುಗಳೂ ಹೋಗುತ್ತವೆ. ಸಂಜೆ 6ರಿಂದ 10ರ ನಡುವಿನ ಯೂನಿಟ್ಟಿಗೆ ದರ ಹೆಚ್ಚು. ಟ್ಯಾಂಕು ತುಂಬಿಸುವುದು, ಲಾಂಡ್ರಿ ಓಡಿಸುವುದು ಆ ಹೊತ್ತಿಗೆ ಬೇಡ.

ಅರ್ಜಿ, ಪತ್ರ ಕನ್ನಡದಲ್ಲಿ ಕೊಡಬಹುದಾ?

ಕೊಡಬಹುದು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಭಾಷಾ ಅಲ್ಪಸಂಖ್ಯಾತರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿದೆ. ಪತ್ರ ಕನ್ನಡದಲ್ಲಿರಲಿ, ಸಂಖ್ಯೆಗಳ ಪಟ್ಟಿ ಮಾತ್ರ ಇಂಗ್ಲಿಷ್ ಶೀರ್ಷಿಕೆಯೊಂದಿಗೆ ಲಗತ್ತಿಸಿ. ಅದು ತಿರುವನಂತಪುರಕ್ಕೆ ಹೋದರೆ ಅನುವಾದಕ್ಕೆ ಕಾಯುತ್ತ ಕೂರುವುದು ತಪ್ಪುತ್ತದೆ.

ಆಡಿಟರು ಬಂದಾಗ ಏನು ಕೇಳಬೇಕು?

ರಾಜ್ಯದಲ್ಲಿ ಈ ವಿಷಯದ ಹೊಣೆ ಹೊತ್ತ ಸಂಸ್ಥೆ ತಿರುವನಂತಪುರದ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್. ಅವರ ಪಟ್ಟಿಯಲ್ಲಿರುವವರನ್ನೇ ಕರೆಸಿ. ಅಳತೆ ಎಷ್ಟು ದಿನ, ಯಾವ ಉಪಕರಣದಲ್ಲಿ, ಅದರ ಕ್ಯಾಲಿಬ್ರೇಶನ್ ಯಾವಾಗಿನದ್ದು ಎಂದು ಮೊದಲೇ ಕೇಳಿ. ಅರ್ಧ ದಿನ ಬಂದು ನೇಮ್‌ಪ್ಲೇಟಿನ ಫೋಟೋ ತೆಗೆದು ಹೋಗುವವರ ವರದಿಯಲ್ಲಿ ‘ಎಲ್‌ಇಡಿ ಹಾಕಿ’ ಎಂಬುದರ ಆಚೆ ಏನೂ ಇರುವುದಿಲ್ಲ. ಪ್ರತಿ ಸಲಹೆಗೂ ಈಗಿನ ಅಳತೆ, ಆಮೇಲಿನ ಅಂದಾಜು, ಖರ್ಚು, ಎಷ್ಟು ತಿಂಗಳಲ್ಲಿ ವಾಪಸು ಎಂಬ ನಾಲ್ಕು ಸಂಖ್ಯೆ ಇರಬೇಕೆಂದು ವರ್ಕ್ ಆರ್ಡರಿನಲ್ಲೇ ಬರೆಯಿರಿ. ಕಡೆಯ ಕಂತಿನ ಹಣ ಅವು ಸಿಕ್ಕಿದ ಮೇಲೆ.